ಒಣಗಿದ ಕಣ್ಣಿಗೆ ಯಾವ ಹನಿ?

(ಸಂಸ್ಥೆಯ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಆದರೂ ಕಣ್ಣಿನ ಔಷಧಿಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಎಂಬುದೇ ಇದಕ್ಕೆ ಕಾರಣ.

ಕೆಲವು ವರ್ಷಗಳ ಹಿಂದಿನ ಮಾತು. ಹಗಲೆಲ್ಲ ಉತ್ತರ ಪತ್ರಿಕೆ ತಿದ್ದುವುದು, ರಾತ್ರಿ ಕಂಪ್ಯೂಟರಿನಲ್ಲಿ ಅಂಕ ತುಂಬುವುದು. ಕಣ್ಣು ಉರಿಯತೊಡಗಿತು, ಮರಳು ಬಿದ್ದಂತೆ ಚುಚ್ಚುತ್ತಿತ್ತು, ಸಂಜೆಗೆ ಕೆಂಪಾಗುತ್ತಿತ್ತು. ಅಮ್ಮಿಗೆ ಪೊರೆಯ ಆಪರೇಷನ್ ಆದಾಗ ಕೊಟ್ಟಿದ್ದ ಹನಿಯ ಬಾಟಲಿ ಕಪಾಟಿನಲ್ಲಿತ್ತು. ಅದನ್ನೇ ಹಾಕಿಕೊಂಡೆ. ಎರಡೇ ದಿನದಲ್ಲಿ ಕೆಂಪು ಹೋಯಿತು. ಮುಗಿದ ಮೇಲೆ ಅದೇ ಹೆಸರು ಹೇಳಿ ಅಂಗಡಿಯಿಂದ ಇನ್ನೊಂದು ತಂದೆ. ಯಾರೂ ಚೀಟಿ ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಎರಡು ತಿಂಗಳ ನಂತರ ಕನ್ನಡಕ ಬದಲಿಸಲು ಹೋದಾಗ ವೈದ್ಯರು ಕಣ್ಣಿನ ಒತ್ತಡ ಅಳೆದು, "ಮೇಷ್ಟ್ರೇ, ಕಣ್ಣಿಗೆ ಏನು ಹಾಕಿಕೊಳ್ಳುತ್ತಿದ್ದೀರಿ?" ಎಂದು ಕೇಳಿದರು. ನಾನು ಹಾಕಿಕೊಳ್ಳುತ್ತಿದ್ದದ್ದು ಸ್ಟೀರಾಯ್ಡ್. ಒತ್ತಡ ಏರಿತ್ತು. ವೈದ್ಯರು ಹೇಳಿದಂತೆ ಹನಿ ನಿಲ್ಲಿಸಿದ ಮೇಲೆ ಇಳಿಯಿತು. ಹಾಗೇ ಮುಂದುವರಿದಿದ್ದರೆ ಗ್ಲಾಕೋಮಾ ಆಗಿ ದೃಷ್ಟಿಯ ನರವೇ ಹಾಳಾಗಬಹುದಿತ್ತು. ಆ ರೋಗದಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ.

ನನಗಿದ್ದದ್ದು ಬರೀ ಕಣ್ಣು ಒಣಗುವ ತೊಂದರೆ. ಕಣ್ಣೀರು ಎಂದರೆ ಕೇವಲ ನೀರಲ್ಲ. ಅದರಲ್ಲಿ ಕಣ್ಣಿಗೆ ಅಂಟಿಕೊಳ್ಳುವ ಲೋಳೆ, ನೀರು ಮತ್ತು ಆರದಂತೆ ತಡೆಯುವ ತೆಳುವಾದ ಎಣ್ಣೆಯ ಪದರ ಇರುತ್ತವೆ. ಕೆಲವರಿಗೆ ನೀರು ಕಡಿಮೆ. ಇನ್ನು ಅನೇಕರಿಗೆ ರೆಪ್ಪೆಯಂಚಿನ ಗ್ರಂಥಿಗಳು ಕಟ್ಟಿಕೊಂಡು ಎಣ್ಣೆ ಸಾಲದೆ ಕಣ್ಣೀರು ಬೇಗ ಆರಿಹೋಗುತ್ತದೆ. ಕಣ್ಣು ಒಣಗಿದವರಿಗೇ ಕೆಲವೊಮ್ಮೆ ಧಾರೆಯಾಗಿ ನೀರು ಸುರಿಯುವುದೂ ಉಂಟು. ಅದು ಉರಿಗೆ ಕಣ್ಣು ಕೊಡುವ ಉತ್ತರ.

ವಿದ್ಯಾರ್ಥಿಗಳೇ, ಖರ್ಚಿಲ್ಲದ ಚಿಕಿತ್ಸೆಯಿಂದ ಆರಂಭಿಸಿ. ಮೊಬೈಲ್ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಬಹಳ ಕಡಿಮೆಯಾಗುತ್ತದೆ. 20 ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡಿ, ರೆಪ್ಪೆ ಪೂರ್ತಿ ಮುಚ್ಚಿ ತೆರೆಯಿರಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದಿರಲಿ. ಎಣ್ಣೆಯ ಗ್ರಂಥಿ ಕಟ್ಟಿದ್ದರೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಟ್ಟು, ನಂತರ ರೆಪ್ಪೆಯನ್ನು ಮೃದುವಾಗಿ ತೀಡಬೇಕು.

ಇನ್ನು ಹನಿಯ ಆಯ್ಕೆ. ಬಾಟಲಿಯ ಮೇಲಿನ ದೊಡ್ಡ ಅಕ್ಷರದ ಹೆಸರನ್ನಲ್ಲ, ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರನ್ನು ಓದಿ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಪ್ರೊಮೆಲೋಸ್, ಸೋಡಿಯಂ ಹೈಲುರೊನೇಟ್ ಮಾತ್ರ ಇದ್ದರೆ ಅದು ಕೃತಕ ಕಣ್ಣೀರು. ಗಟ್ಟಿಯಾದ ಜೆಲ್ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ನೋಟ ಸ್ವಲ್ಪ ಮಂಜಾಗುವುದರಿಂದ ಮಲಗುವ ಮುನ್ನ ಹಾಕುವುದು ಒಳ್ಳೆಯದು. ಹನಿ ಕೆಡದಂತೆ ಅನೇಕ ಬಾಟಲಿಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಪದೇ ಪದೇ ಹಾಕಿದರೆ ಅದೇ ಕಣ್ಣಿನ ಮೇಲ್ಪದರವನ್ನು ಕೆಣಕುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಹನಿ ಬೇಕಾಗುವವರು ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ಪಡೆಯಬೇಕು.

ದೂರವಿಡಬೇಕಾದವು ಎರಡು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ವೈದ್ಯರ ಚೀಟಿಯಿಲ್ಲದೆ ಬೇಡವೇ ಬೇಡ. ನ್ಯಾಫಜೋಲಿನ್ ಇರುವ ಹನಿ ಕೆಂಪನ್ನು ಮರೆಮಾಡುತ್ತದೆ, ಕಣ್ಣನ್ನು ತೇವಗೊಳಿಸುವುದಿಲ್ಲ. ಹೆಚ್ಚು ದಿನ ಹಾಕಿ ಬಿಟ್ಟರೆ ಕೆಂಪು ಇಮ್ಮಡಿಯಾಗಿ ಮರಳುತ್ತದೆ. ನಮ್ಮ ಮನೆಗಳ ಸುರ್ಮಾ ಬಗ್ಗೆಯೂ ಒಂದು ಮಾತು. ಮಾರುಕಟ್ಟೆಯ ಅನೇಕ ಸುರ್ಮಾಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅದನ್ನು ಒಣಗಣ್ಣಿನ ಔಷಧಿಯೆಂದು ಹಚ್ಚಬೇಡಿ, ಮಕ್ಕಳಿಗಂತೂ ಬೇಡ.

ಹನಿ ಹಾಕುವುದಕ್ಕೂ ಕ್ರಮವಿದೆ. ಕೈ ತೊಳೆದು, ಕೆಳರೆಪ್ಪೆಯನ್ನು ಎಳೆದು ಒಂದೇ ಹನಿ ಹಾಕಿ. ಎರಡನೆಯದು ಕೆನ್ನೆಗೆ ಹರಿಯುತ್ತದೆ ಅಷ್ಟೇ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಇನ್ನೊಂದು ಹನಿ ಹಾಕುವುದಿದ್ದರೆ 5 ನಿಮಿಷ ಬಿಡಿ. ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಎಸೆಯಬೇಕು. ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡಿ.

ರೋಜಾದಲ್ಲಿ ಹನಿ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಇಸ್ಲಾಮಿ ಫಿಖ್ಹ್ ಅಕಾಡೆಮಿ, ಗಂಟಲಿಗೆ ಇಳಿದದ್ದನ್ನು ನುಂಗದಿದ್ದರೆ ಕಣ್ಣಿನ ಹನಿಯಿಂದ ರೋಜಾ ಮುರಿಯದು ಎಂದು ನಿರ್ಣಯಿಸಿದೆ. ಹನಿ ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಗಂಟಲಿಗೆ ಇಳಿಯುವುದೂ ಕಡಿಮೆಯಾಗುತ್ತದೆ. ಸಂದೇಹವಿದ್ದವರು ತಮ್ಮ ಆಲಿಮರನ್ನು ಕೇಳಲಿ. ಆದರೆ ಗ್ಲಾಕೋಮಾದ ಹನಿಯನ್ನು ತಾವಾಗಿಯೇ ನಿಲ್ಲಿಸಬಾರದು.

ಕೃತಕ ಕಣ್ಣೀರಿನಿಂದ ಕೆಲವು ವಾರಗಳಲ್ಲಿ ಗುಣ ಕಾಣದಿದ್ದರೆ ವೈದ್ಯರಲ್ಲಿ ಹೋಗಿ. ಸೈಕ್ಲೋಸ್ಪೋರಿನ್ ಹನಿ ಇದೆ, ಅದರ ಫಲ ಕಾಣಲು ತಿಂಗಳುಗಳೇ ಬೇಕಾಗಬಹುದು. ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಪುಟ್ಟ ಬಿರಡೆ ಇಡುವ ವಿಧಾನವೂ ಇದೆ. ಮೀನೆಣ್ಣೆಯ ಮಾತ್ರೆಯನ್ನು ಬಹಳ ಜನ ಹೊಗಳುತ್ತಾರೆ. ಆದರೆ 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಅದು ಆಲಿವ್ ಎಣ್ಣೆಯ ಮಾತ್ರೆಗಿಂತ ಮೇಲೆಂದು ಕಂಡುಬರಲಿಲ್ಲ. ಕಣ್ಣಿನ ಜೊತೆ ಬಾಯಿಯೂ ಒಣಗುತ್ತಿದ್ದರೆ, ಕೀಲು ನೋವಿದ್ದರೆ, ಅಲರ್ಜಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ತೀವ್ರ ನೋವು, ದೃಷ್ಟಿ ಮಂಜಾಗುವುದು, ಬೆಳಕು ಸಹಿಸಲಾಗದಿರುವುದು, ಕೀವು ಇವುಗಳಲ್ಲಿ ಯಾವುದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಇಂದು ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡಿ. ಕಪಾಟು ತೆರೆದು ಹಳೆಯ ಹನಿಯ ಬಾಟಲಿಗಳನ್ನು ಎಸೆಯಿರಿ. ಓದು ಬಾರದ ಹಿರಿಯರಿದ್ದರೆ ಅವರ ಈಗಿನ ಔಷಧಿಯ ಹೆಸರನ್ನು ನೀವೇ ಓದಿ ಹೇಳಿ. ನಾವು ಕಲಿತ ಅಕ್ಷರ ಅಷ್ಟಾದರೂ ಉಪಯೋಗಕ್ಕೆ ಬರಲಿ.