ಮನೆಯ ಪೀಠದಲ್ಲಿ ಬೆಳಕು ಮತ್ತು ಬಣ್ಣ

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ದಿನದಂದು ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಅದರ ಗೋಪುರ, ಗಂಟೆಗಳ ಚರಿತ್ರೆಯನ್ನು ಹೇಳಲು ನಮಗಿಂತ ಬಲ್ಲವರು ಇಲ್ಲಿದ್ದಾರೆ. ನಮಗೆ ವಹಿಸಿರುವ ವಿಷಯ ಚಿಕ್ಕದು: ಮನೆಯ ಪ್ರಾರ್ಥನೆಯಲ್ಲಿ ಮೇಣದಬತ್ತಿ ಮತ್ತು ಬಣ್ಣಗಳ ಸ್ಥಾನ. ಆದರೆ ಇದರೊಡನೆ ದೊಡ್ಡದೊಂದು ಪ್ರಶ್ನೆಯೂ ಇದೆ. ಭಾನುವಾರ ದೇವಾಲಯದಲ್ಲಿ ಕಂಡ ಬೆಳಕು ಸೋಮವಾರ ನಮ್ಮ ಮನೆಯಲ್ಲಿ ಉಳಿದಿರುತ್ತದೆಯೆ?

ಮೊದಲು ನಮ್ಮ ಮನೆಯ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ನಮ್ಮ ಹಿರಿಯ ಮಗನ ಜ್ಞಾನಸ್ನಾನದಂದು ಜ್ಞಾನತಂದೆಯವರು ಪಾಸ್ಖ ಮೇಣದಬತ್ತಿಯಿಂದ ಬತ್ತಿಯೊಂದನ್ನು ಹೊತ್ತಿಸಿಕೊಂಡರು. ಈ ಬೆಳಕನ್ನು ಕಾಪಾಡುವ ಹೊಣೆಯನ್ನು ಗುರುಗಳು ತಂದೆತಾಯಿಗಳಾದ ನಮಗೆ ಒಪ್ಪಿಸಿದರು. ನಾವು ಭಕ್ತಿಯಿಂದಲೇ ಅದನ್ನು ಮನೆಗೆ ತಂದೆವು. ಅಡಿಗೆಮನೆಯ ಕಪಾಟಿನಲ್ಲಿ ಬೆಂಕಿಪೆಟ್ಟಿಗೆಯ ಪಕ್ಕದಲ್ಲಿಟ್ಟೆವು. ಮುಂದೆ ಕರೆಂಟು ಹೋದಾಗಲೆಲ್ಲ ಕೈಗೆ ಸಿಕ್ಕಿದ್ದು ಅದೇ. ಎಂಟು ವರ್ಷಗಳ ನಂತರ, ಪ್ರಥಮ ಪರಮಪ್ರಸಾದದ ಸಿದ್ಧತೆಯಲ್ಲಿದ್ದ ಮಕ್ಕಳಿಗೆ ತಮ್ಮ ಜ್ಞಾನಸ್ನಾನದ ಬತ್ತಿಯನ್ನು ತರುವಂತೆ ಹೇಳಲಾಯಿತು. ಮಗ ಬಂದು ಕೇಳಿದಾಗ ನಾವು ಉತ್ತರವಿಲ್ಲದೆ ನಿಂತೆವು.

ನಾವು ಕಳೆದುಕೊಂಡದ್ದೇನೆಂಬುದು ತಿಳಿಯಬೇಕಾದರೆ ಪಾಸ್ಖ ಜಾಗರಣೆಯ ರಾತ್ರಿಯನ್ನು ನೆನೆಯಬೇಕು. ಅಂದು ದೇವಾಲಯದ ದೀಪಗಳೆಲ್ಲ ಆರಿರುತ್ತವೆ. ಹೊರಗೆ ಹೊಸ ಬೆಂಕಿಯನ್ನು ಆಶೀರ್ವದಿಸಿ, ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆಯನ್ನೂ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕಡೆಯ ಅಕ್ಷರಗಳನ್ನೂ, ಆ ವರ್ಷದ ಅಂಕಿಗಳನ್ನೂ ಗುರುತಿಸುತ್ತಾರೆ. ಪ್ರಭುವಿನ ಪಂಚಗಾಯಗಳ ನೆನಪಿಗೆ ಐದು ಧೂಪದ ಕಾಳುಗಳನ್ನು ಇಡುತ್ತಾರೆ. ಆ ಒಂದು ಜ್ವಾಲೆಯಿಂದ ನಮ್ಮೆಲ್ಲರ ಕೈಯ ಬತ್ತಿಗಳು ಹೊತ್ತುತ್ತವೆ. ಹಂಚಿದರೂ ಮೂಲದ ಬೆಳಕು ಕಡಿಮೆಯಾಗುವುದಿಲ್ಲ. ಜ್ಞಾನಸ್ನಾನದ ಬತ್ತಿ ಅದೇ ಜ್ವಾಲೆಯ ಪಾಲು. ಫೆಬ್ರುವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬದಲ್ಲಿ, ಆಶೀರ್ವದಿಸಿ ಕೊಡುವ ಬತ್ತಿಗಳೂ ವೃದ್ಧ ಸಿಮೆಯೋನನು ತೋಳಿನಲ್ಲೆತ್ತಿಕೊಂಡ ಆ ಬೆಳಕನ್ನೇ ನೆನಪಿಸುತ್ತವೆ. ಇದೇ ಹಬ್ಬದ ದಿನ, 1974ರಲ್ಲಿ, ಆರನೆಯ ಪೌಲರು ಮಾತೆ ಮರಿಯಮ್ಮನವರ ಭಕ್ತಿಯ ಕುರಿತು ಹೊರಡಿಸಿದ ಪತ್ರದಲ್ಲಿ ಕುಟುಂಬದ ಜಪಸರವನ್ನು ಒತ್ತಿ ಹೇಳಿದರು.

ಇನ್ನು ಬಣ್ಣಗಳ ವಿಚಾರ. ಮೊದಲ ಶತಮಾನಗಳಲ್ಲಿ ಪೂಜಾವಸ್ತ್ರಗಳಿಗೆ ಈಗಿನಂತೆ ಬಣ್ಣದ ಕಟ್ಟಳೆ ಇರಲಿಲ್ಲ. 12ನೆಯ ಶತಮಾನದ ಕೊನೆಯಲ್ಲಿ, ಮುಂದೆ ಮೂರನೆಯ ಇನೊಸೆಂಟ್ ಎಂಬ ಹೆಸರಿನಿಂದ ಜಗದ್ಗುರುಗಳಾದವರು, ರೋಮ್ ನಗರದ ರೂಢಿಯನ್ನು ವಿವರಿಸುತ್ತ ಬಿಳಿ, ಕೆಂಪು, ಹಸಿರು, ಕಪ್ಪು ಎಂಬ ಮುಖ್ಯ ಬಣ್ಣಗಳನ್ನು ಹೆಸರಿಸಿದರು. 1570ರ ಪೂಜಾಗ್ರಂಥದೊಡನೆ ಬಣ್ಣಗಳ ಕ್ರಮ ಲತೀನ್ ವಿಧಿಯಲ್ಲೆಲ್ಲ ನೆಲೆಗೊಂಡಿತು. ಇಂದು ಕ್ರಿಸ್ತಜಯಂತಿ ಮತ್ತು ಪಾಸ್ಖ ಕಾಲಗಳಿಗೆ ಬಿಳಿ. ಆಗಮನ ಮತ್ತು ತಪಸ್ಸು ಕಾಲಗಳಿಗೆ ನೇರಳೆ. ಗರಿಗಳ ಭಾನುವಾರ, ಶುಭ ಶುಕ್ರವಾರ, ಪೆಂತೆಕೋಸ್ತ್ ಹಬ್ಬ, ರಕ್ತಸಾಕ್ಷಿಗಳ ಸ್ಮರಣೆ ಇವುಗಳಿಗೆ ಕೆಂಪು. ಉಳಿದ ಸಾಧಾರಣ ಕಾಲಕ್ಕೆ ಹಸಿರು. ಪೆಂತೆಕೋಸ್ತ್ ಕಳೆದು ಹಸಿರು ಮರಳುವ ಹೊತ್ತಿಗೆ ನಮ್ಮ ನಾಡಿನಲ್ಲಿ ಮುಂಗಾರು ಬರುತ್ತದೆ. ಬಿತ್ತಿದ್ದು ಮೊಳೆತು ಬೆಳೆಯುವ ತಿಂಗಳುಗಳಲ್ಲಿ ಪೀಠವೂ ಹಸಿರಾಗಿರುವುದನ್ನು ರೈತಾಪಿ ಮನೆಯ ಮಕ್ಕಳಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ.

ಬಣ್ಣದ ಅರ್ಥ ಎಲ್ಲೆಡೆಯೂ ಒಂದೇ ಅಲ್ಲವೆಂಬುದನ್ನೂ ಅರಿಯಬೇಕು. ನಮ್ಮ ನಾಡಿನ ಅನೇಕ ಮನೆಗಳಲ್ಲಿ ಬಿಳಿ ಸೀರೆ ವೈಧವ್ಯದ ಗುರುತಾಗಿತ್ತು. ಧರ್ಮಸಭೆಗೆ ಅದು ಪುನರುತ್ಥಾನದ ಬಣ್ಣ. ಮಂಗಳೂರಿನ ಕಥೋಲಿಕ ವಧುವಿಗೆ ಕೆಂಪು ಸಾಡೊ ಮಂಗಳದ ಉಡುಗೆ. ಪೀಠದ ಮೇಲೆ ಕೆಂಪು ರಕ್ತವನ್ನೂ ಪವಿತ್ರಾತ್ಮರ ಅಗ್ನಿಯನ್ನೂ ಸೂಚಿಸುತ್ತದೆ. ಎಂದರೆ ಬಣ್ಣದಲ್ಲಿ ತನ್ನಷ್ಟಕ್ಕೆ ಯಾವ ಶಕ್ತಿಯೂ ಇಲ್ಲ. ಅದು ಒಂದು ಸಮುದಾಯ ಕೂಡಿ ಆಡುವ ಮಾತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹಣಕ್ಕೆ ಹಸಿರು ಬತ್ತಿ, ಪ್ರೀತಿಗೆ ಕೆಂಪು ಬತ್ತಿ ಎಂದು ಪಟ್ಟಿ ಮಾಡಿ ಮಾರುವವರಿದ್ದಾರೆ. ನಂಬಿ ಕೊಳ್ಳುವವರಲ್ಲಿ ನಮ್ಮವರೂ ಇದ್ದಾರೆ. ದೇವರು ಬತ್ತಿಯ ಬಣ್ಣ ನೋಡಿ ವರ ಕೊಡುವವರಲ್ಲ. ಬತ್ತಿ ಹಚ್ಚಿಟ್ಟು ನಮ್ಮ ಕೆಲಸಕ್ಕೆ ಹೊರಟರೆ ಪ್ರಾರ್ಥನೆ ಮುಗಿಯಿತೆಂದೂ ತಿಳಿಯಬಾರದು. ಬತ್ತಿ ನಮ್ಮ ಬದಲಿಗೆ ಪ್ರಾರ್ಥಿಸುವುದಿಲ್ಲ. ಚದರಿಹೋದ ಮನೆಮಂದಿಯನ್ನು ಒಂದು ಕಡೆ ಕೂಡಿಸುತ್ತದೆ.

1839ರಲ್ಲಿ ಜರ್ಮನಿಯ ಹಾಂಬುರ್ಗ್ ನಗರದಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಲೂಥರನ್ ಬೋಧಕ ಯೋಹಾನ್ ಹಿನ್ರಿಷ್ ವಿಖರ್ನ್ ಇದನ್ನು ಚೆನ್ನಾಗಿ ಅರಿತಿದ್ದರು. ಕ್ರಿಸ್ತಜಯಂತಿಗೆ ಇನ್ನೆಷ್ಟು ದಿನವೆಂದು ಕೇಳುತ್ತಿದ್ದ ಆ ಮಕ್ಕಳಿಗಾಗಿ ಅವರು ಗಾಡಿಯ ಚಕ್ರವೊಂದರ ಮೇಲೆ ವಾರದ ದಿನಗಳಿಗೆ 20 ಚಿಕ್ಕ ಕೆಂಪು ಬತ್ತಿಗಳನ್ನೂ, ಭಾನುವಾರಗಳಿಗೆ 4 ದೊಡ್ಡ ಬಿಳಿ ಬತ್ತಿಗಳನ್ನೂ ನಿಲ್ಲಿಸಿದರು. ಇಂದು ನಾವು ಮೂರು ನೇರಳೆ, ಒಂದು ಗುಲಾಬಿ ಬತ್ತಿಗಳೊಡನೆ ಇಡುವ ಆಗಮನ ಕಾಲದ ಹಸಿರು ಮಾಲೆ ಅದರಿಂದಲೇ ಬೆಳೆದು ಬಂದುದು.

ಇದಕ್ಕೆಲ್ಲ ಖರ್ಚು ಮಾಡಬೇಕಾಗಿಲ್ಲ. ಸುರೂಪವಿಟ್ಟ ಹಲಗೆಯ ಮೇಲೆ ಕಾಲಕ್ಕೆ ತಕ್ಕ ಬಣ್ಣದ ಬಟ್ಟೆಯೊಂದನ್ನು ಹಾಸಿದರೆ ಸಾಕು. ಹಳೆಯ ಸೀರೆಯ ತುಂಡಾದರೂ ಆದೀತು. ತಪಸ್ಸು ಕಾಲದಲ್ಲಿ ಹೂವಿಲ್ಲದಿರಲಿ. ಮೇಣದಬತ್ತಿ ಸಿಗದಿದ್ದರೆ ಎಣ್ಣೆಯ ದೀಪ ಹಚ್ಚೋಣ. 1969ರ ಏಪ್ರಿಲ್ 25ರಂದು ಭಾರತದ ಧರ್ಮಸಭೆಗೆ ರೋಮ್ ಒಪ್ಪಿಗೆ ನೀಡಿದ 12 ಅಂಶಗಳಲ್ಲಿ ಪೂಜೆಯಲ್ಲೇ ಮೇಣದಬತ್ತಿಯ ಬದಲು ಎಣ್ಣೆದೀಪ ಬಳಸಬಹುದೆಂಬುದೂ ಒಂದು. ಬತ್ತಿಯನ್ನು ಪರದೆಯಿಂದ ದೂರವಿಟ್ಟು, ಪ್ರಾರ್ಥನೆ ಮುಗಿದೊಡನೆ ಆರಿಸೋಣ. ಆರಿಸುವ ಸರದಿ ಮಕ್ಕಳಿಗಿರಲಿ. ಅದಕ್ಕಾಗಿಯಾದರೂ ಅವರು ಕೊನೆಯವರೆಗೆ ಕುಳಿತಿರುತ್ತಾರೆ.

ನಮ್ಮ ಮಗನ ಬತ್ತಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ನಮ್ಮ ಪೇಚಾಟವನ್ನು ನೋಡುತ್ತಿದ್ದ ನಮ್ಮ ತಾಯಿಯವರು ಒಳಗೆ ಹೋಗಿ, ತಮ್ಮ ಪೆಟ್ಟಿಗೆಯಿಂದ ಕಾಗದದ ಪೊಟ್ಟಣವೊಂದನ್ನು ತಂದರು. ಅದರಲ್ಲಿ ಹೆಬ್ಬೆಟ್ಟಿನಷ್ಟು ಉದ್ದ ಉಳಿದ ಬತ್ತಿಯ ತುಂಡಿತ್ತು. ಕಾಗದದ ಮೇಲೆ ಮಗುವಿನ ಹೆಸರು, ಜ್ಞಾನಸ್ನಾನದ ದಿನಾಂಕ ಬರೆದಿತ್ತು. ನಮ್ಮನ್ನು ಗದರಿಸಲಿಲ್ಲ, "ಇಷ್ಟಾದರೂ ಉಳಿಯಲಿ ಅಂತ ತೆಗೆದಿಟ್ಟೆ" ಎಂದಷ್ಟೇ ಹೇಳಿದರು. ಆ ಭಾನುವಾರ ಉಳಿದ ಮಕ್ಕಳ ಉದ್ದನೆಯ ಬತ್ತಿಗಳ ನಡುವೆ ಆ ತುಂಡೂ ಉರಿಯಿತು.

ಈ ರಾತ್ರಿ ಮನೆಗೆ ಹೋದ ಮೇಲೆ ನಿಮ್ಮ ಮಕ್ಕಳ ಜ್ಞಾನಸ್ನಾನದ ಬತ್ತಿ ಎಲ್ಲಿದೆಯೆಂದು ಹುಡುಕಿರಿ. ಸಿಕ್ಕರೆ ಹೆಸರು, ದಿನಾಂಕ ಬರೆದು ಜೋಪಾನವಾಗಿಡಿ. ವರ್ಷಕ್ಕೊಮ್ಮೆ ಅದೇ ದಿನ ಹೊತ್ತಿಸಿ, ಸುತ್ತ ಕುಳಿತು ಪ್ರಾರ್ಥಿಸಿರಿ. ನೂರು ವರ್ಷ ಈ ದೇವಾಲಯದಲ್ಲಿ ಆರದೆ ಬಂದ ಬೆಳಕನ್ನು ಮುಂದಿನ ನೂರು ವರ್ಷ ಕಾಯಬೇಕಾದವರು ಆ ಮಕ್ಕಳೇ.

ಪ್ರಭುವಿನ ಆಶೀರ್ವಾದ ತಮ್ಮೆಲ್ಲರ ಮನೆಗಳ ಮೇಲಿರಲಿ.