ಹನ್ನೊಂದನೆಯ ತರಗತಿಯ ವಿಷಯಗಳ ಆಯ್ಕೆ



ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ಕೆಲವೇ ದಿನಗಳಲ್ಲಿ ನಮ್ಮ ಮಕ್ಕಳು ಮುಂದಿನ ಎರಡು ವರ್ಷಗಳ ವ್ಯಾಸಂಗಕ್ಕೆ ವಿಷಯಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ಯಾವ ವಿಷಯದಲ್ಲಿ ಹೆಚ್ಚು ಅಂಕ ದೊರೆಯುತ್ತದೆ ಎಂದು ಆಗ ಎಲ್ಲರೂ ವಿಚಾರಿಸುತ್ತಾರೆ. ಯಾವ ವಿಷಯವನ್ನು ಕೈಬಿಟ್ಟರೆ ಯಾವ ಪದವಿಯ ಪ್ರವೇಶ ತಪ್ಪಿಹೋಗುತ್ತದೆ ಎಂದು ವಿಚಾರಿಸುವವರು ವಿರಳ.

ದೆಹಲಿಯಲ್ಲಿ ನೆಲೆಸಿರುವ, ನನಗೆ ಪರಿಚಿತವಾದ ಕನ್ನಡ ಕುಟುಂಬವೊಂದರ ಮಗಳು ಗಣಿತಕ್ಕೆ ಅಂಜಿ ಅದನ್ನು ಕೈಬಿಟ್ಟಳು. ಅರ್ಥಶಾಸ್ತ್ರದಲ್ಲಿ ಆಕೆಗೆ ಉತ್ತಮ ಅಂಕಗಳು ಬಂದವು, ಆಸಕ್ತಿಯೂ ಬೆಳೆಯಿತು. ಆದರೆ ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಆನರ್ಸ್ ಪದವಿಗೆ ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರುವುದು ಅಗತ್ಯವೆಂದು ತಿಳಿದದ್ದು ಅರ್ಜಿ ತುಂಬುವ ವೇಳೆಯಲ್ಲಿ. ಆಕೆಯ ಪರಿಶ್ರಮದಲ್ಲಿ ಕೊರತೆಯಿರಲಿಲ್ಲ. ಮಾಹಿತಿ ಎರಡು ವರ್ಷ ತಡವಾಗಿ ಬಂದಿತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆ, ವಾಣಿಜ್ಯ, ವಿಜ್ಞಾನಗಳ ನಡುವಿನ ಕಟ್ಟುನಿಟ್ಟಾದ ವಿಭಜನೆ ಸಲ್ಲದೆಂದು ಹೇಳಿದೆ. ಆದರೂ ಪದವಿಗಳ ಅರ್ಹತಾ ನಿಯಮಗಳು ಉಳಿದಿವೆ. ಐ.ಐ.ಟಿ.ಗಳ ಇಂಜಿನಿಯರಿಂಗ್ ಪ್ರವೇಶಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಬೇಕು. ಎಂ.ಬಿ.ಬಿ.ಎಸ್. ವ್ಯಾಸಂಗಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಡನೆ ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ ಮತ್ತು ಇಂಗ್ಲಿಷ್ ಬೇಕು. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಪದವಿ ತರಗತಿಗಳಿಗಾಗಿ 2022ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಆರಂಭವಾಯಿತು. ಅದರ ಭಾಷಾ ವಿಷಯಗಳಲ್ಲಿ ಕನ್ನಡವೂ ಒಂದು. ಆದ್ದರಿಂದ ಹೊರನಾಡಿನ ಶಾಲೆಗಳಲ್ಲಿ ಕನ್ನಡ ಓದುವ ಮಕ್ಕಳು ಅದು ಪ್ರವೇಶಕ್ಕೆ ಉಪಯೋಗವಿಲ್ಲದ ವಿಷಯವೆಂದು ಭಾವಿಸಬೇಕಾಗಿಲ್ಲ.

ಹಾಗೆಂದು ಇಷ್ಟವಿಲ್ಲದ ಮಗುವಿನ ಮೇಲೆ ಗಣಿತವನ್ನು ಹೇರಬೇಕೆಂದು ನಾನು ಹೇಳುತ್ತಿಲ್ಲ. ಸಾಹಿತ್ಯ, ಇತಿಹಾಸಗಳಲ್ಲಿ ನಿಜವಾದ ಒಲವುಳ್ಳವರು ಅದನ್ನು ನಿಶ್ಚಿಂತೆಯಿಂದ ಬಿಡಬಹುದು. ಬಿಡುವುದು ತಿಳಿದು ಮಾಡಿದ ನಿರ್ಧಾರವಾಗಿರಬೇಕು, ಭಯದ ಫಲವಾಗಿರಬಾರದು. ಇನ್ನೂ ನಿಶ್ಚಯವಾಗದ ವಿದ್ಯಾರ್ಥಿಗೆ ಶಾಲೆಯಲ್ಲಿ ಅವಕಾಶವಿದ್ದು, ಹೊರೆ ತಾಳುವ ಶಕ್ತಿಯಿದ್ದರೆ, ಗಣಿತ, ಜೀವಶಾಸ್ತ್ರಗಳೆರಡನ್ನೂ ಇರಿಸಿಕೊಳ್ಳುವುದು ಒಳಿತು.

ತಪ್ಪಿದ ವಿಷಯವನ್ನು ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆಯ ಮೂಲಕ ಅನಂತರ ಓದಲು ಅವಕಾಶವುಂಟು. ಆದರೆ ಅದಕ್ಕೆ ಮತ್ತೆ ಕಾಲ ವ್ಯಯವಾಗುತ್ತದೆ. ಆದ್ದರಿಂದ ಶಾಲೆಯ ನಮೂನೆಗೆ ಸಹಿ ಹಾಕುವ ಮುನ್ನ, ಮಗು ಮೆಚ್ಚುವ ಎರಡು ಮೂರು ಪದವಿಗಳನ್ನು ಗುರುತಿಸಿ, ಆಯಾ ವಿಶ್ವವಿದ್ಯಾನಿಲಯಗಳ ಪ್ರವೇಶ ಕೈಪಿಡಿಯಲ್ಲಿ ಅರ್ಹತೆಯ ಭಾಗವನ್ನು ಮಗುವಿನೊಡನೆ ಕುಳಿತು ಓದಿರಿ. ನಿಯಮಗಳು ಬದಲಾಗುವುದುಂಟು, ಪ್ರತಿ ವರ್ಷವೂ ಅವನ್ನು ಮತ್ತೊಮ್ಮೆ ನೋಡಿಕೊಳ್ಳಿರಿ. ಒಂದು ಸಂಜೆಯ ಈ ಓದು ಮಗುವಿನ ಒಂದು ವರ್ಷವನ್ನು ಉಳಿಸಬಲ್ಲದು.