ಹೊಳೆಯಾಚೆ ಐದು ವಾರ

(ಪಾಡ್‌ಕಾಸ್ಟ್‌ನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ನಾನು ವಿಜಯನಗರದವಳು, ಮಾಗಡಿ ರೋಡ್ ಟೋಲ್‌ಗೇಟ್ ಹತ್ತಿರ ಹುಟ್ಟಿ ಬೆಳೆದವಳು. ದ್ವೀಪ ಅಂದ್ರೆ ನನಗೆ ಅಂಡಮಾನು, ಲಕ್ಷದ್ವೀಪ ಅಷ್ಟೇ. ನಮ್ಮ ಸಾಗರ ತಾಲ್ಲೂಕಿನಲ್ಲಿ, ಬೆಟ್ಟಗಳ ನಡುವೆ, ಜನ ತಮ್ಮೂರನ್ನ ದ್ವೀಪ ಅಂತ ಕರೀತಾರೆ ಅನ್ನೋದು ಗೊತ್ತಾಗಿದ್ದು 2024ರ ಬೇಸಿಗೆಯಲ್ಲಿ.

ಆಗಷ್ಟೇ ಬಿ.ಎಡ್ ಮುಗಿದಿತ್ತು. ಜೂನ್‌ನಲ್ಲಿ ಎಲ್ಲಾದ್ರೂ ಸ್ಕೂಲಿಗೆ ಸೇರಬೇಕು, ಅಲ್ಲಿವರೆಗೆ ಕೈ ಖಾಲಿ. ತುಮರಿ ಕಡೆಯ ಹಳ್ಳಿಗಳಲ್ಲಿ ಬೇಸಿಗೆ ರಜೆಯ ಐದು ವಾರ ಮಕ್ಕಳಿಗೆ ಓದು, ಲೆಕ್ಕ ಹೇಳಿಕೊಡೋ ಕೆಲಸ ಇದೆ, ಊಟ, ವಸತಿ, ಸ್ವಲ್ಪ ಗೌರವಧನ ಅಂದ್ರು. ಸೇವೆ ಗೀವೆ ಅಂತ ಹೋಗಲಿಲ್ಲ. ಬಯೋಡೇಟಾದಲ್ಲಿ ಒಂದು ಸಾಲು ಆಗುತ್ತೆ ಅಂತ ಹೋದೆ. ಅದನ್ನ ಮೊದಲೇ ಹೇಳಿಬಿಡೋದು ಒಳ್ಳೇದು.

ರಾತ್ರಿ ತಾಳಗುಪ್ಪ ರೈಲು ಹತ್ತಿ ಬೆಳಿಗ್ಗೆ ಸಾಗರದಲ್ಲಿ ಇಳಿದು, ಅಲ್ಲಿಂದ ಬಸ್ಸಲ್ಲಿ ಸುಮಾರು 30 ಕಿಲೋಮೀಟರ್ ಹೋದ್ರೆ ಹೊಳೆಬಾಗಿಲು. ಅಲ್ಲಿ ರಸ್ತೆ ನೀರೊಳಗೆ ಇಳಿದುಬಿಡುತ್ತೆ. ಎದುರಿಗೆ ಕಳಸವಳ್ಳಿ ದಡ. ನಡುವೆ ಶರಾವತಿ ಹಿನ್ನೀರು. ಆಗಿನ್ನೂ ಸೇತುವೆ ಕೆಲಸ ನಡೀತಿತ್ತು, ದಾಟೋಕೆ ಲಾಂಚೇ ಗತಿ. ಜನ, ಬೈಕು, ಕಾರು, ಬಸ್ಸು ಎಲ್ಲ ಅದರ ಮೇಲೇ. ಸಂಜೆ ಆದ್ಮೇಲೆ ಲಾಂಚ್ ಇಲ್ಲ. ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಕಾಡುದಾರಿಯಲ್ಲಿ ಕಾರ್ಗಲ್ ಕಡೆಯಿಂದ ಸುತ್ತಿಕೊಂಡು ಹೋಗಬೇಕು. ನಕ್ಷೆ ನೋಡಿದ್ರೆ ಇದು ಪೂರ್ತಿ ದ್ವೀಪ ಅಲ್ಲ, ಒಂದು ಕಡೆ ಕಾಡು, ಘಟ್ಟ ಇದೆ. ಆದ್ರೆ ಅಲ್ಲಿ ಒಂದು ವಾರ ಇದ್ರೆ ಆ ಹೆಸರು ಯಾಕೆ ಬಂತು ಅಂತ ಯಾರೂ ಕೇಳಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ, ಊರು, ಗದ್ದೆ, ರಸ್ತೆ ಎಲ್ಲ ಮುಳುಗಿ ಹೀಗಾಯ್ತು. ಇದು ನಾ. ಡಿಸೋಜಾ ಅವರ ಕಾದಂಬರಿ ಓದಿದವರಿಗೆ, ಕಾಸರವಳ್ಳಿ ಅವರ 'ದ್ವೀಪ' ಸಿನಿಮಾ ನೋಡಿದವರಿಗೆ ಗೊತ್ತು. ನನಗೆ ಹೇಳಿದ್ದು ನಾನು ಉಳಿದುಕೊಂಡಿದ್ದ ಮನೆಯ ಅಜ್ಜ. ಮೊದಲ ದಿನ ಮುರುಗಲ ಹಣ್ಣಿನ ಪಾನಕ ಕೊಟ್ಟು, "ಬೆಂಗಳೂರಿನವರಾ? ಕರೆಂಟು ತಗಂಡ್ರಿ. ಈಗ ನೀರೂ ಬೇಕಂತಲ್ಲ ನಿಮಗೆ?" ಅಂದ್ರು. ಶರಾವತಿ ನೀರನ್ನ ಬೆಂಗಳೂರಿಗೆ ಒಯ್ಯೋ ಯೋಜನೆ ವಿರುದ್ಧ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಗಿತ್ತು, ಅದು ಅವರ ಮನಸ್ಸಲ್ಲಿತ್ತು. ನಾನು ಪಾನಕ ಕುಡಿದು ಸುಮ್ಮನಾದೆ. ನಮ್ಮ ಬೀದೀಲಿ ಕರೆಂಟ್ ಹೋದ್ರೆ ಹತ್ತು ನಿಮಿಷಕ್ಕೆ ಫೋನ್ ಮಾಡ್ತೀವಿ. ಅದು ಎಲ್ಲಿಂದ ಬರುತ್ತೆ ಅಂತ ನಾನಂತೂ ಯೋಚನೆ ಮಾಡಿದವಳಲ್ಲ.

ಶಾಲೆಗೆ ಬರೋಣ. ಇಪ್ಪತ್ತೊಂದು ಮಕ್ಕಳು, ಎರಡನೇ ಕ್ಲಾಸಿಂದ ಏಳರವರೆಗೆ, ಒಂದೇ ಕೋಣೆ. ಇಲ್ಲಿ ನಾವು ಮಿಸ್, ಅಲ್ಲಿ ಅಕ್ಕೋರು. ಬೆಂಗಳೂರಿಂದ ಒಂದು ಬ್ಯಾಗ್ ತುಂಬ ಚಿತ್ರದ ಕಾರ್ಡ್ ಹೊತ್ತಿದ್ದೆ: ಸಿಗ್ನಲ್ಲು, ಲಿಫ್ಟು, ಫ್ಲೈಓವರ್. ಮಕ್ಕಳು ಮರ್ಯಾದೆಯಿಂದ ನೋಡಿ ವಾಪಸ್ ಕೊಟ್ರು. ಎರಡನೇ ದಿನ ಒಬ್ಬಳು ಪುಟ್ಟಿ, "ಅಕ್ಕೋರೇ, ನೀವು ಎಷ್ಟು ದಿನಕ್ಕೆ ಬಂದಿದ್ದು?" ಅಂದಳು. ಐದು ವಾರ ಅಂದೆ. "ಹೋದ ಸಲದವರು ಮೂರೇ ವಾರ ಇದ್ರು" ಅಂತ ಪಕ್ಕದವಳಿಗೆ ಹೇಳಿದಳು. ಲೆಕ್ಕ ಇಟ್ಟಿದ್ರು.

ಐದನೇ ಕ್ಲಾಸ್ ಮುಗಿಸಿದ ಒಬ್ಬ ಹುಡುಗ ಇದ್ದ. ಪಾಠ ಕೇಳಿದ್ರೆ ಗಡಗಡ ಓದ್ತಿದ್ದ. ಒಂದು ದಿನ ಬೇರೆ ಪುಟ ತೆಗೆದುಕೊಟ್ಟೆ. ಅದೇ ಹಳೇ ಪಾಠ ಓದಿದ! ಪೂರ್ತಿ ಬಾಯಿಪಾಠ. ಅಕ್ಷರ ಒಂದೊಂದೇ ಗುರುತು ಹಿಡೀತಾನೆ, ಕೂಡಿಸೋಕೆ ಬರಲ್ಲ. ಆದ್ರೆ ದೂರದಿಂದ ಬಸ್ ಬಂದ್ರೆ ಯಾವೂರಿಗೆ ಅಂತ ಬೋರ್ಡ್ ನೋಡಿ ಹೇಳ್ತಿದ್ದ. ಅದೂ ಓದಲ್ಲ, ಬೋರ್ಡಿನ ಆಕಾರದ ನೆನಪು.

ಸರಿ, ಅಲ್ಲಿಂದಲೇ ಹಿಡಿದೆ. 'ಸಾಗರ', 'ತುಮರಿ' ಅಂತ ಬರೆದೆ. ಅವನಿಗೆ ಎರಡೂ ಗೊತ್ತು. ಕತ್ತರಿಯಿಂದ ಅಕ್ಷರ ಬಿಡಿಸಿ, ದೀರ್ಘ, ಉಕಾರ, ಇಕಾರ ತೆಗೆದುಹಾಕಿದ್ರೆ ಸ, ಗ, ರ, ತ, ಮ ಐದು ಸಿಕ್ಕವು. ಅದರಿಂದ ಮರ, ಸರ, ರಸ, ಮಗ. ನಾಲ್ಕನೇ ದಿನ ಅವನೇ ಚೀಟಿ ಜೋಡಿಸಿ 'ಗರಗಸ' ಮಾಡಿದ. ಅವರಪ್ಪ ಮರಗೆಲಸದವರು. ಆಮೇಲೆ ಬ್ಯಾಕೋಡು, ಕೊಲ್ಲೂರು ಬಂದಾಗ ಒತ್ತಕ್ಷರದಲ್ಲಿ ಸಿಕ್ಕಿಬಿದ್ವಿ. 'ಕೊಲ್ಲೂರು'ಗೆ ಎರಡು ದಿನ ಹೋಯ್ತು. ಮೇ 7ಕ್ಕೆ ಲೋಕಸಭೆ ಮತದಾನ, ಶಾಲೆ ಮತಗಟ್ಟೆ ಆಯ್ತು, ಕ್ಲಾಸು ಹಲಸಿನ ಮರದ ಕೆಳಗೆ. ಪಕ್ಕದಲ್ಲೇ ಹಪ್ಪಳ ಒಣಗಿಸಿದ್ರು. ಅರ್ಧ ಕ್ಲಾಸು ಕಾಗೆ ಓಡಿಸೋದ್ರಲ್ಲೇ ಹೋಯ್ತು ಅನ್ನಿ.

ಈಗ ನಾನು ಹೇಳಬೇಕಾಗಿರೋ ವಿಷಯ. ಕೊನೇ ದಿನ ಒಂದು ಹಾಳೆ ತುಂಬಬೇಕಿತ್ತು. ಪ್ರತಿ ಮಗುವಿನ ಎದುರು ನಾಲ್ಕು ಮಟ್ಟ: ಅಕ್ಷರ, ಪದ, ವಾಕ್ಯ, ಕಥೆ. ಅವನು ಪದಕ್ಕೆ ಬಂದಿದ್ದ, ಅದೂ ಸುಲಭದ ಪದಕ್ಕೆ. ನಾನು 'ವಾಕ್ಯ'ಕ್ಕೆ ಟಿಕ್ ಹಾಕಿದೆ. ಇನ್ನಿಬ್ಬರಿಗೂ ಹಾಗೇ. ಯಾರೂ ಒತ್ತಾಯ ಮಾಡಿರಲಿಲ್ಲ. ಐದು ವಾರ ದುಡಿದಿದ್ದು ಹಾಳೆ ಮೇಲೆ ಒಂದೇ ಮೆಟ್ಟಿಲಾಗಿ ಕಾಣುತ್ತಲ್ಲ ಅಂತ ಬೇಜಾರು. ಮಕ್ಕಳಿಗೂ ಖುಷಿ ಆಗುತ್ತೆ ಅಂತ ಸಮಾಧಾನ ಮಾಡಿಕೊಂಡೆ. ಲಾಂಚ್ ಹತ್ತುವಾಗ ಮುಂದಿನ ರಜೆಗೆ ಬರ್ತೀನಿ ಅಂದೆ. ಬರಲಿಲ್ಲ. ರಾಜಾಜಿನಗರದ ಒಂದು ಸ್ಕೂಲಲ್ಲಿ ಕೆಲಸ ಸಿಕ್ತು, ಆಯ್ತು.

2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯ್ತು. ಟಿವಿಯಲ್ಲಿ ನೋಡ್ತಾ ಕೂತಾಗ ಗಂಟಲು ಕಟ್ಟಿತು. ನವೆಂಬರ್‌ನಲ್ಲಿ ಒಂದು ಶನಿವಾರ ಹೋದೆ. ಬಸ್ಸು ನಿಲ್ಲಲೇ ಇಲ್ಲ, ನೀರಿನ ಮೇಲೆ ಸೀದಾ ಹೊರಟುಹೋಯ್ತು. ಶಾಲೆಯ ಮೇಷ್ಟ್ರು ಗುರುತು ಹಿಡಿದ್ರು. ಟೀ ಕೊಟ್ಟು, ಬೈಯಲಿಲ್ಲ, ಮಾತಿನ ನಡುವೆ ಹೇಳಿದ್ರು: "ನಿಮ್ಮ ಹಾಳೆ ನೋಡಿ ಅವನನ್ನ ಓದೋ ಗುಂಪಿಗೆ ಹಾಕಿದ್ವಿ ಮೇಡಂ. ಮೂರು ತಿಂಗಳು ಸುಮ್ನೆ ಕೂತಿದ್ದ. ಬಾಯಿಪಾಠದಲ್ಲಿ ಪಳಗಿದವನು, ನಮಗೂ ತಿಳೀಲಿಲ್ಲ. ಆಮೇಲೆ ಅವನೇ ಬಸ್ಸಿನ ಬೋರ್ಡು ಬರೆದುಕೊಡಿ ಸಾರ್ ಅಂದ."

ಮೂರು ತಿಂಗಳು. ನಾನು ಕಲಿಸಿದ್ದೇ ಐದು ವಾರ.

ನಮ್ಮ ಕಡೆಯಿಂದ, ಕೆಂಗೇರಿ, ಬಸವೇಶ್ವರನಗರದಿಂದ, ಕಾಲೇಜು ಹುಡುಗ ಹುಡುಗೀರು ಈಗಲೂ ಇಂಥ ಬೇಸಿಗೆ ಕೆಲಸಕ್ಕೆ ಹೋಗ್ತಾರೆ, ನನಗೆ ಫೋನ್ ಮಾಡಿ ಏನು ತಗೊಂಡು ಹೋಗಬೇಕು ಅಂತ ಕೇಳ್ತಾರೆ. ಕಾರ್ಡ್ ಬೇಡ, ಒಂದು ಕತ್ತರಿ ಸಾಕು ಅಂತೀನಿ. ಮೊದಲ ವಾರವೇ ಅಲ್ಲಿನ ಮೇಷ್ಟ್ರ ಮನೆಗೆ ಹೋಗಿ ಮಾತಾಡಿ. ರಜೆ ಅಂತ ಅವರು ಇಲ್ಲದಿದ್ರೆ ಫೋನಾದ್ರೂ ಮಾಡಿ. ಹೊರಡುವಾಗ ಯಾವ ಮಗು ಎಲ್ಲಿ ನಿಂತಿದೆ, ಯಾವ ಒತ್ತಕ್ಷರಕ್ಕೆ ತಡವರಿಸುತ್ತೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದು ಅವರ ಕೈಗೇ ಕೊಡಿ. ಟಿಕ್ ಹಾಳೆ ಬೇಕಾದವರು ಇಟ್ಕೊಳ್ಳಲಿ.

ಆ ಹುಡುಗ ಈಗ ಏಳನೇ ಕ್ಲಾಸು. ಅವತ್ತು ನಾನೇ ಅವನ ಎದುರು ಕೂತು ಓದಿಸಲಿಲ್ಲ, ಧೈರ್ಯ ಬರಲಿಲ್ಲ. ಗೇಟಿನವರೆಗೆ ಬಂದ. "ಈ ಸಲ ಎಷ್ಟು ದಿನ, ಅಕ್ಕೋರೇ?" ಅಂದ. ಸಂಜೆ ಬಸ್ಸಿಗೇ ಅಂದೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ ಅಂತ ಹೇಳಿ ಒಳಗೆ ಹೋದ.